ದೆಹಲಿ ನಂಬರಿನ ‘ಅಗ್ಗದ’ ಕಾರು, ನಾನು ತಪ್ಪಿದ ಲೆಕ್ಕ

2018ರ ಜರ್ಮನ್ ಸೆಡಾನ್, ಆರು ಸಿಲಿಂಡರಿನ ಪೆಟ್ರೋಲ್ ಗಾಡಿ, ಹೊಸದರಲ್ಲಿ 70 ಲಕ್ಷದ್ದು. 2024ರಲ್ಲಿ ಬೆಂಗಳೂರಿನಲ್ಲಿ ಕೆಎ ನಂಬರಿನದಕ್ಕೆ 42 ಹೇಳುತ್ತಿದ್ದರು. ದೆಹಲಿಯ ಡೀಲರ್ ಒಬ್ಬ 34ಕ್ಕೆ ಒಪ್ಪಿದ. ಎಂಟು ಲಕ್ಷ ಉಳೀತಲ್ಲ ಅಂತ ಹಿಗ್ಗಿಹೋದೆ. ಜಾಹೀರಾತಿನಲ್ಲಿ ಹೇಳುವ ರೇಟೇ ಬೇರೆ, ಗಾಡಿ ಕೈ ಬದಲಾಗುವ ರೇಟೇ ಬೇರೆ ಅನ್ನುವುದೂ ಆಗ ಹೊಳೆಯಲಿಲ್ಲ.

ಮೊದಲ ಪೆಟ್ಟು ಆರ್‌ಟಿಒದಲ್ಲಿ. 20 ಲಕ್ಷ ಮೀರಿದ ಕಾರಿಗೆ ನಮ್ಮಲ್ಲಿ ಜೀವಾವಧಿ ತೆರಿಗೆ ಶೇ 18. ನಾನು ಕೊಟ್ಟ 34ರ ಮೇಲಲ್ಲ ಸ್ವಾಮಿ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ! ವಯಸ್ಸು ನೋಡಿ ಒಂದಿಷ್ಟು ಇಳಿಸುತ್ತಾರೆ, ಅಷ್ಟೇ. ನನ್ನ ಚಲನ್ ಎಂಟು ಲಕ್ಷ ದಾಟಿತು. ಉಳಿದಿದ್ದ ದುಡ್ಡು ಅಲ್ಲಿಗೇ ಮುಗಿಯಿತು. ದೆಹಲಿಯಲ್ಲಿ ಕಟ್ಟಿದ್ದ ತೆರಿಗೆಯ ರೀಫಂಡ್‌ಗೆ ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ.

ಎರಡನೆಯದು ಇನ್ನೂ ಕಹಿ. ಮೀಟರ್ 31,000 ಕಿ.ಮೀ. ತೋರಿಸುತ್ತಿತ್ತು. ಒಂದು ಭಾನುವಾರ ಕಾರು ತೊಳೆಯುತ್ತಿದ್ದೆ. ಟೈರಿನ ಪಕ್ಕದ ಕೆಸರು ಒರೆಸಿದಾಗ ನಾಲ್ಕಂಕಿ ಕಂಡಿತು: 0922. ಅಂದರೆ 2022ರ ಒಂಬತ್ತನೇ ವಾರ ತಯಾರಾದ ಟೈರು. 31 ಸಾವಿರಕ್ಕೆ ಎರಡನೇ ಸೆಟ್ ಇರಲಿ ಅಂತಿಟ್ಟುಕೊಳ್ಳೋಣ, ಆ ಸೆಟ್ಟೂ ಬೋಳಾಗುತ್ತಾ ಬಂದಿದೆಯಲ್ಲ? ಅನುಮಾನ ಬಂದು ಗಾಜುಗಳನ್ನು ನೋಡಿದೆ. ಮೂರು ಬಾಗಿಲಿನ ಗಾಜಿಗೆ ಒಂದೇ ವರ್ಷದ ಗುರುತು, ಡ್ರೈವರ್ ಪಕ್ಕದ್ದಕ್ಕೆ ಬೇರೆ. ಬಾನೆಟ್ ಹಿಂಜಿನ ಬೋಲ್ಟಿನಲ್ಲಿ ಸ್ಪ್ಯಾನರ್ ಹಾಕಿ ಬಣ್ಣ ಎದ್ದ ಗುರುತು. ಅಂದರೆ ಆ ಗಾಜು ಬದಲಾಗಿದೆ, ಬಾನೆಟ್ಟೂ ಬಿಚ್ಚಿದಂತಿದೆ; ಎಲ್ಲೋ ಗುದ್ದಿರಬೇಕು.

ಮಾರನೆಯ ದಿನ ಚಾಸಿಸ್ ನಂಬರ್ ಹಿಡಿದು ಕಂಪನಿ ವರ್ಕ್‌ಶಾಪಿಗೆ ಹೋದೆ. ಅವರ ದಾಖಲೆಯಲ್ಲಿ 2021ರಲ್ಲೇ 58,000. ಡೀಲರ್‌ಗೆ ಫೋನ್ ಮಾಡಿದರೆ “ನಮ್ಮ ಹತ್ರ ಬಂದಾಗಲೇ ಹಾಗಿತ್ತು ಸಾರ್” ಅಂದು ಇಟ್ಟ.

ಆದ್ದರಿಂದ ಟೋಕನ್ ಕೊಡುವ ಮುಂಚೆ ಸರ್ವೀಸ್ ಹಿಸ್ಟರಿ ತೆಗೆಸಿ. ಹಳೇ ಇನ್ಶೂರೆನ್ಸ್ ಪಾಲಿಸಿ ಕೇಳಿ. ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಕೊಡುವ ರಿಯಾಯಿತಿ) ಸೊನ್ನೆ ಇದ್ದರೆ ಕ್ಲೇಮ್ ಆಗಿತ್ತಾ ಅಂತ ಕೆದಕಿ. ಬಣ್ಣದ ದಪ್ಪ ಅಳೆಯುವ ಮೀಟರ್ ಇರುವ ಹೊರಗಿನ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ. ಕಂಪನಿ ಬಣ್ಣ ಸಾಮಾನ್ಯವಾಗಿ 100–150 ಮೈಕ್ರಾನ್. ನನ್ನ ಕಾರಿನ ಬಲಗಡೆ ಬಾಗಿಲು 400 ತೋರಿಸಿತು, ಅಂದರೆ ಮೇಲೆ ಮತ್ತೆ ಬಣ್ಣ ಹೊಡೆದಿದ್ದಾರೆ. ಅದಕ್ಕೂ ಮೊದಲು ಹೊರ ರಾಜ್ಯದ ಗಾಡಿಯಾದರೆ ಇಲ್ಲಿನ ತೆರಿಗೆ, ಟೈರು, ಬ್ರೇಕ್ ಡಿಸ್ಕ್ ಎಲ್ಲವನ್ನೂ ಬೆಲೆಗೆ ಕೂಡಿಸಿ ಆಮೇಲೆ ಕೆಎ ಗಾಡಿಯ ಪಕ್ಕ ಇಟ್ಟು ನೋಡಿ.

ನಾನೀಗ ಮಾರಲು ಹೊರಟಿದ್ದೇನೆ, 58,000ದ ದಾಖಲೆಯನ್ನೂ ತೋರಿಸುತ್ತಿದ್ದೇನೆ. ಇಲ್ಲಿಯವರೆಗೆ ಬಂದ ಒಳ್ಳೆಯ ಆಫರ್ 27.