ಹೆಲ್ಮ್ ಬಳಸಿದ ಅನುಭವ: ಓವರ್‌ರೈಡ್ ಸುಲಭ, ತೆಗೆದುಹಾಕೋದೇ ಕಷ್ಟ

ಬೆಳ್ಳಂದೂರಿನ ನಮ್ಮ ಆಫೀಸಿನಲ್ಲಿ ಬಸ್ ಟಿಕೆಟ್ ಬುಕಿಂಗ್ ಸರ್ವಿಸ್‌ಗಳೆಲ್ಲ ಕುಬರ್ನೆಟಿಸ್ (ಸರ್ವರ್‌ಗಳ ಗುಂಪಿನ, ಅಂದರೆ ಕ್ಲಸ್ಟರ್‌ನ, ಮೇಲೆ ಆ್ಯಪ್‌ಗಳನ್ನು ನಡೆಸುವ ವ್ಯವಸ್ಥೆ) ಮೇಲೆ ಓಡುತ್ತವೆ. ಅವನ್ನು ಅಲ್ಲಿಗೆ ಡಿಪ್ಲಾಯ್ ಮಾಡುವುದು, ಅಂದರೆ ಹಾಕಿ ಓಡಿಸುವುದು, ಹೆಲ್ಮ್ ಎಂಬ ಟೂಲ್‌ನಿಂದ. ಎರಡನೇ ವರ್ಷನ್ ಕಾಲದಿಂದ ಬಳಸುತ್ತಿದ್ದೇನೆ. 2019ರಲ್ಲಿ ಮೂರನೇ ವರ್ಷನ್ ಬಂದು ಕ್ಲಸ್ಟರ್ ಒಳಗೆ ಓಡುತ್ತಿದ್ದ ಅದರ ಸರ್ವರ್ ಭಾಗ ಟಿಲ್ಲರ್ ಹೋಯಿತು, ಅರ್ಧ ತಲೆನೋವೂ ಹೋಯಿತು. ಉಳಿದ ಅರ್ಧ ವ್ಯಾಲ್ಯೂಗಳದ್ದು, ಅಂದರೆ ಸೆಟ್ಟಿಂಗ್‌ಗಳದ್ದು.

ನಮ್ಮಲ್ಲಿ ಒಂದು ಕಾಮನ್ ಚಾರ್ಟ್ (ಟೆಂಪ್ಲೇಟ್‌ಗಳೂ ಅವುಗಳ ಡಿಫಾಲ್ಟ್ ವ್ಯಾಲ್ಯೂಗಳೂ ಇರುವ ಹೆಲ್ಮ್ ಪ್ಯಾಕೇಜ್) ಇದೆ. ಪ್ರತಿ ಸರ್ವಿಸ್ ಅದನ್ನು ತನ್ನ ಚಾರ್ಟ್ ಒಳಗೆ ಸಬ್‌ಚಾರ್ಟ್ ಆಗಿ ಸೇರಿಸಿಕೊಳ್ಳುತ್ತದೆ. ಮೆಮೊರಿ ಲಿಮಿಟ್, ಪ್ರೋಬ್ (ಸರ್ವಿಸ್ ಸರಿಯಿದೆಯೇ ಎಂಬ ತಪಾಸಣೆ), ಟೈಮ್‌ಔಟ್ ಎಲ್ಲ ಅಲ್ಲಿಂದಲೇ ಬರುತ್ತವೆ. ಬದಲಿಸಬೇಕಾದರೆ (ಇದೇ ಓವರ್‌ರೈಡ್) ಸರ್ವಿಸ್‌ನ ವ್ಯಾಲ್ಯೂಸ್ ಫೈಲ್‌ನಲ್ಲಿ ಸಬ್‌ಚಾರ್ಟ್ ಹೆಸರಿನ ಕೆಳಗೆ ಬರೆದರಾಯಿತು. ಅದನ್ನೂ ಮೀರಿಸುವುದು ಡಿಪ್ಲಾಯ್ ಮಾಡುವಾಗ ಕೊಟ್ಟ ಫೈಲ್. ಎರಡು ಕೊಟ್ಟರೆ ಬಲಗಡೆಯದ್ದು ಗೆಲ್ಲುತ್ತದೆ. ಎಲ್ಲಕ್ಕೂ ಮೇಲೆ, ಕಮಾಂಡ್‌ನಲ್ಲೇ ವ್ಯಾಲ್ಯೂ ಬರೆಯುವ ಸೆಟ್ ಫ್ಲಾಗ್. ಈ ಕ್ರಮ ಇದುವರೆಗೂ ಕೈಕೊಟ್ಟಿಲ್ಲ. ಗಣೇಶ ಹಬ್ಬಕ್ಕೆ ಊರಿಗೆ ಹೊರಡುವವರ ರಶ್ ಶುರುವಾದಾಗ ರೆಪ್ಲಿಕಾ (ಒಂದೇ ಸರ್ವಿಸ್‌ನ ಪ್ರತಿಗಳು) ಜಾಸ್ತಿ ಮಾಡಲು ಪುಟ್ಟದೊಂದು ಫೈಲ್ ಸಾಕು.

ಕಷ್ಟ ಇರುವುದು ಬೇರೆ ಕಡೆ. ಹೆಲ್ಮ್ ಮ್ಯಾಪ್‌ಗಳನ್ನು (ಕೀ ಎಂಬ ಹೆಸರಿಗೊಂದು ವ್ಯಾಲ್ಯೂ ಇರುವ ಜೋಡಿಗಳು) ಬೆರೆಸುತ್ತದೆ, ಲಿಸ್ಟ್‌ಗಳನ್ನು (ಒಂದರ ಕೆಳಗೊಂದು ಬರೆದ ಪಟ್ಟಿ) ಪೂರ್ತಿ ಬದಲಿಸುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಲಿಸ್ಟ್ ಆಗಿದ್ದರೆ, ಹೊಸದೊಂದು ಸೇರಿಸಲು ಹೋದಾಗ ಮೇಲಿಂದ ಬಂದವೆಲ್ಲ ಮಾಯ. ಅದಕ್ಕೇ ನಾವು ಅವನ್ನು ಮ್ಯಾಪ್ ಆಗಿ ಬರೆದು, ಟೆಂಪ್ಲೇಟ್ ಒಳಗೆ ಲಿಸ್ಟ್ ಮಾಡುತ್ತೇವೆ.

ಮ್ಯಾಪ್‌ದು ಉಲ್ಟಾ ಕಾಟ. ಚಾರ್ಟ್‌ನ ಲೈವ್‌ನೆಸ್ ಪ್ರೋಬ್ (ಸರ್ವಿಸ್ ಜೀವಂತ ಇದೆಯೇ ಅಂತ ನೋಡುವುದು) ಎಚ್‌ಟಿಟಿಪಿ ಗೆಟ್, ಅಂದರೆ ವೆಬ್ ರಿಕ್ವೆಸ್ಟ್ ಕಳಿಸಿ ನೋಡುವುದು, ಅಂತಿಟ್ಟುಕೊಳ್ಳಿ. ನಿಮಗೆ ಎಕ್ಸೆಕ್, ಅಂದರೆ ಒಳಗೇ ಕಮಾಂಡ್ ಓಡಿಸಿ ನೋಡುವುದು, ಬೇಕು. ಅದನ್ನು ಬರೆದರೆ ಹಳೆಯದೂ ಉಳಿದು ಎರಡೂ ಸೇರುತ್ತವೆ, ಕುಬರ್ನೆಟಿಸ್ ಒಪ್ಪುವುದಿಲ್ಲ. ಹಳೆಯ ಕೀಗೆ ನಲ್ (ಖಾಲಿ ವ್ಯಾಲ್ಯೂ) ಕೊಟ್ಟು ಅಳಿಸಬೇಕು. ಅದೂ ಸಬ್‌ಚಾರ್ಟ್ ಒಳಗಿನ ಕೀ ಆದರೆ ಮೂರನೇ ವರ್ಷನ್‌ನ ಕೆಲವು ರಿಲೀಸ್‌ಗಳಲ್ಲಿ ನಲ್ ಕೆಲಸವೇ ಮಾಡುತ್ತಿರಲಿಲ್ಲ. ಇಷ್ಟು ಮೂಲಭೂತ ವಿಷಯ ಇಷ್ಟು ಕಾಲ ಹೀಗೆ ಇದ್ದದ್ದು ನನಗೆ ಇನ್ನೂ ಸಿಟ್ಟು ತರಿಸುತ್ತದೆ.

ಅಪ್‌ಗ್ರೇಡ್ ವೇಳೆ ರೀಯೂಸ್ ವ್ಯಾಲ್ಯೂಸ್ ಫ್ಲಾಗ್ ಹಾಕುವವರು ಹುಷಾರು. ಅದು ಹಿಂದಿನ ರಿಲೀಸ್‌ನ ವ್ಯಾಲ್ಯೂಗಳನ್ನೇ ಹಿಡಿದು ಕೂರುತ್ತದೆ. ಹೊಸ ಚಾರ್ಟ್‌ನಲ್ಲಿ ಬಂದ ಹೊಸ ಡಿಫಾಲ್ಟ್ ಸಿಗುವುದಿಲ್ಲ, ಟೆಂಪ್ಲೇಟ್ ನಿಲ್ ಪಾಯಿಂಟರ್ (ಇಲ್ಲದ ವ್ಯಾಲ್ಯೂ ಹುಡುಕಿದಾಗಿನ ಎರರ್) ಅಂತ ಬಿದ್ದುಹೋಗುತ್ತದೆ. 3.14ರಲ್ಲಿ ಬಂದ ರೀಸೆಟ್ ದೆನ್ ರೀಯೂಸ್ ಫ್ಲಾಗ್ ಇದಕ್ಕೆ ಮದ್ದು. ಆದರೂ ಬೇಕಾದ ಎಲ್ಲ ಫೈಲ್‌ಗಳನ್ನು ಪ್ರತಿ ಸಲ ಕೊಡುವುದೇ ವಾಸಿ. ಆಗ ಫೈಲ್‌ಗಳನ್ನು ಇಡುವ ಗಿಟ್‌ನಲ್ಲಿ ಇರುವುದೇ ಕ್ಲಸ್ಟರ್‌ನಲ್ಲೂ ಇರುತ್ತದೆ, ಅಲ್ವಾ?

ನನ್ನ ರೇಟಿಂಗ್ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ, ಕೀ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಡಿಫಾಲ್ಟ್ ಆಗಿ ಬಾಯಿ ಬಿಡದೆ ಮುಂದೆ ಹೋಗುವುದಕ್ಕೆ. ಓವರ್‌ರೈಡ್ ಆಯಿತು ಅಂತ ನೀವು ನಂಬಿರುತ್ತೀರಿ, ಆಗಿರುವುದಿಲ್ಲ. ಚಾರ್ಟ್ ಜೊತೆ ಸ್ಕೀಮಾ ಫೈಲ್ (ಯಾವ ಕೀ ಇರಬಹುದು ಅಂತ ಹೇಳುವ ಫೈಲ್) ಇಟ್ಟು, ಗೊತ್ತಿಲ್ಲದ ಕೀ ಬಂದರೆ ತಿರಸ್ಕರಿಸುವಂತೆ ಬರೆಯಿರಿ. ಗ್ಲೋಬಲ್ ಅನ್ನುವ ಕೀಗೆ ಮಾತ್ರ ಅದರಲ್ಲಿ ಜಾಗ ಬಿಡಿ. ಹೆಲ್ಮ್ ಅದನ್ನು ಸಬ್‌ಚಾರ್ಟ್‌ಗಳಿಗೂ ತಾನೇ ಕಳಿಸುತ್ತದೆ, ಜಾಗ ಬಿಡದಿದ್ದರೆ ಎಲ್ಲ ಸರಿ ಇದ್ದೂ ಸುಮ್ನೆ ಫೇಲ್ ಆಗುತ್ತದೆ.