ಮೊದಲ ಬಿಲ್ಲು ಜೋಡಿಸುವವರಿಗೆ: ಬೋಲ್ಟಿನ ಮರದ ಬಿಲ್ಲೋ, ಐಎಲ್‌ಎಫ್ ಬಿಲ್ಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಐಎಲ್‌ಎಫ್‌ಗೆ, ಅಂದರೆ ‘ಇಂಟರ್‌ನ್ಯಾಷನಲ್ ಲಿಂಬ್ ಫಿಟ್ಟಿಂಗ್’ ಎಂಬ ಜೋಡಣೆಯ ಬಿಲ್ಲಿಗೆ. ಕಡಿಮೆ ಬೆಲೆಯ ಅಲ್ಯೂಮಿನಿಯಂ ರೈಸರ್, ಅದಕ್ಕೆ ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಮರದ ಕೋರ್‌ನ ಲಿಂಬ್ ಜೋಡಿ. ಒಟ್ಟು ಖರ್ಚು ಮರದ ಬಿಲ್ಲಿನ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆದರೂ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ, ಮತ್ತು ಆ ಕಾರಣ ಅಂಗಡಿಯವರು ಹೇಳುವ ವೇಗ, ನೋಟ, ಬ್ರ್ಯಾಂಡು ಯಾವುದೂ ಅಲ್ಲ.

ಹೊಸಬರಿಗಾಗಿ ಎರಡು ಮಾತು. ಬಿಡಿಭಾಗಗಳಾಗಿ ಬರುವ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿರುವ) ಬಿಲ್ಲಿನಲ್ಲಿ ಕೈಯಲ್ಲಿ ಹಿಡಿಯುವ ನಡುಭಾಗ ರೈಸರ್. ಮೇಲೊಂದು ಕೆಳಗೊಂದು ಬಾಗುವ ಪಟ್ಟಿಗಳು ಲಿಂಬ್. ಮರದ ಬಿಲ್ಲಿನಲ್ಲಿ ಪ್ರತಿ ಲಿಂಬನ್ನೂ ಒಂದು ದಪ್ಪ ಬೋಲ್ಟು ಹಾಕಿ ರೈಸರ್‌ಗೆ ಬಿಗಿಯುತ್ತಾರೆ, ಅಲುಗಾಡದಿರಲಿ ಎಂದು ಪಿನ್ ಇರುತ್ತದೆ. ಐಎಲ್‌ಎಫ್ ಎಂಬುದು ಹೊಯ್ಟ್ ಕಂಪನಿ ರೂಪಿಸಿ, ಆಮೇಲೆ ಉಳಿದ ತಯಾರಕರೂ ಒಪ್ಪಿಕೊಂಡ ಜೋಡಣೆಯ ಅಳತೆ. ಲಿಂಬಿನ ಬುಡವನ್ನು ಸಂದಿಯಲ್ಲಿ ಜಾರಿಸಿದರೆ ಟಕ್ ಎಂದು ಕೂರುತ್ತದೆ, ಬೋಲ್ಟು ಬಿಚ್ಚುವ ಕೆಲಸವಿಲ್ಲ. ಒಬ್ಬ ತಯಾರಕನ ರೈಸರ್‌ಗೆ ಇನ್ನೊಬ್ಬನ ಲಿಂಬ್ ಹೊಂದುತ್ತದೆ. ಬೋಲ್ಟಿನ ಬಿಲ್ಲಿಗೆ ಆ ಭರವಸೆಯಿಲ್ಲ. ತೂತಿನ ಜಾಗ, ಪಿನ್ನಿನ ದೂರ ಒಂದೊಂದು ಮಾಡೆಲ್‌ಗೆ ಒಂದೊಂದು. ಆ ಮಾಡೆಲ್ ಅಂಗಡಿಗೆ ಬರುವುದು ನಿಂತರೆ ನಿಮ್ಮ ರೈಸರ್ ಗೋಡೆಗೆ ತೂಗುಹಾಕುವ ವಸ್ತು.

ಈಗ ನಿಜವಾದ ತಲೆನೋವಿಗೆ ಬರೋಣ: ಲಿಂಬ್‌ಗಳ ನೇರ.

ಹೆದೆ ಏರಿಸಿದ ಬಿಲ್ಲನ್ನು ಎರಡು ಕುರ್ಚಿಗಳ ಬೆನ್ನಿನ ಮೇಲೆ ಅಡ್ಡ ಮಲಗಿಸಿ, ಹೆದೆ ಮೇಲ್ಮುಖವಾಗಿರಲಿ. ಎರಡೂ ಲಿಂಬ್‌ಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ರೈಸರ್ ಹತ್ತಿರ ಒಂದು, ನಡುವೆ ಒಂದು. ಸ್ಕೇಲಿನಿಂದ ಅಳೆದು ಪ್ರತಿ ಟೇಪಿನ ಸರಿಮಧ್ಯಕ್ಕೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಒಂದು ತುದಿಯ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಹೆದೆಯನ್ನು ಆ ಗೆರೆಗಳ ಮೇಲೆ ತಂದು ನೋಡಿ. ನಾಲ್ಕೂ ಗೆರೆಗಳನ್ನು ಹೆದೆ ಒಟ್ಟಿಗೆ ಮುಚ್ಚಬೇಕು, ರೈಸರ್‌ನ ನಡುವಿನಲ್ಲೂ ಹಾಯಬೇಕು. ಒಂದು ಲಿಂಬಿನಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಎಡಕ್ಕೋ ಬಲಕ್ಕೋ ಸರಿದಿದ್ದರೆ ಬಿಲ್ಲು ನೇರವಿಲ್ಲ.

ಹೊಸ ಮರದ ಬಿಲ್ಲುಗಳಲ್ಲಿ ಇದು ಅಪರೂಪವೇನಲ್ಲ. ಕಾರಣ ಸರಳ ಲೆಕ್ಕ. ಬೋಲ್ಟಿಗೂ ಪಿನ್ನಿಗೂ ನಡುವೆ 30 ಮಿ.ಮೀ. ದೂರವಿದೆ, ಪಿನ್ನು ಕೂರುವ ತೂತಿನಲ್ಲಿ 0.3 ಮಿ.ಮೀ. ಸಡಿಲವಿದೆ ಎಂದಿಟ್ಟುಕೊಳ್ಳಿ. ಅಲ್ಲಿಂದ ಅರ್ಧ ಮೀಟರ್ ಆಚೆಗಿರುವ ಲಿಂಬಿನ ತುದಿ 5 ಮಿ.ಮೀ. ಸರಿಯುತ್ತದೆ. ಬೆರಳಿಗೆ ತಿಳಿಯದ ಸಡಿಲ, ತುದಿಯಲ್ಲಿ ಕಣ್ಣಿಗೆ ರಾಚುವ ವ್ಯತ್ಯಾಸ. ಅದರ ಮೇಲೆ ಮರ. ಮಂಗಳೂರು, ಕಾರವಾರದ ಕಡೆಯ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿಗಿ ಸಡಿಲಾಗುತ್ತದೆ.

ಮರದ ಬಿಲ್ಲಿನಲ್ಲಿ ಇದನ್ನು ಸರಿಪಡಿಸಲು ಇರುವ ದಾರಿ ಒಂದೇ. ಹೆದೆ ಇಳಿಸಿ, ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ, ಲಿಂಬನ್ನು ಬೇಕಾದ ಕಡೆಗೆ ಒತ್ತಿ ಹಿಡಿದು, ಹಾಗೆಯೇ ಮತ್ತೆ ಬಿಗಿಯಬೇಕು. ಅಷ್ಟಕ್ಕೆ ನಿಲ್ಲದಿದ್ದರೆ ಪಿನ್ನಿನ ಒಂದು ಮಗ್ಗುಲಿಗೆ ಸೆಲ್ಲೋಟೇಪ್ ಒಂದು ಪದರ, ಸಾಲದಿದ್ದರೆ ಎರಡು. ಬೋಲ್ಟನ್ನು ಸ್ಪ್ಯಾನರ್ ಹಾಕಿ ಜಗ್ಗಿ ಬಿಗಿದರೆ ಮರ ನಜ್ಜುಗುಜ್ಜಾಗುತ್ತದೆ, ಆಮೇಲೆ ಯಾವ ಟೇಪೂ ನಿಲ್ಲುವುದಿಲ್ಲ. ಕೈಬಿಗಿತ, ಅದರ ಮೇಲೆ ಕಾಲು ಸುತ್ತು ಸಾಕು. ಇಷ್ಟು ಮಾಡಿದರೂ ಮನೆಗೆ ಹೋಗುವಾಗ ಬಿಚ್ಚಿ ಚೀಲಕ್ಕೆ ಹಾಕಿ, ಮರುದಿನ ಮೈದಾನದಲ್ಲಿ ಜೋಡಿಸಿದರೆ ಲಿಂಬ್ ಅದೇ ಜಾಗದಲ್ಲಿ ಕೂರುತ್ತದೆ ಎಂಬ ಖಾತ್ರಿಯಿಲ್ಲ.

ಐಎಲ್‌ಎಫ್ ರೈಸರ್‌ನಲ್ಲಿ ಇದಕ್ಕೆಂದೇ ಅಡ್ಡ ಹೊಂದಾಣಿಕೆ ಇರುತ್ತದೆ. ಕೆಲವದರಲ್ಲಿ ತೆಳು ವಾಷರ್‌ಗಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಕುವುದು, ಕೆಲವದರಲ್ಲಿ ಅಲೆನ್ ಕೀಯಿಂದ ತಿರುಗಿಸುವ ಸ್ಕ್ರೂ. ಹೆದೆ ಇಳಿಸಿ, ಒಂದೇ ಲಿಂಬನ್ನು ಒಂದೇ ಹೆಜ್ಜೆ ಸರಿಸಿ, ಮತ್ತೆ ಹೆದೆ ಏರಿಸಿ ನೋಡಿ. ಹೆಚ್ಚು ಹಾಳಾದರೆ ವಾಪಸು ತಿರುಗಿಸಿ. ಒಮ್ಮೆ ಕೂಡಿಬಂದರೆ ಬಿಚ್ಚಿ ಜೋಡಿಸಿದಷ್ಟು ಸಲವೂ ಅಲ್ಲೇ ಕೂರುತ್ತದೆ. ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ: ಈ ರೈಸರ್‌ನಲ್ಲಿ ಲಿಂಬನ್ನು ಅಡ್ಡಕ್ಕೆ ಸರಿಸಲು ಬರುತ್ತದೆಯೇ? ತೀರಾ ಅಗ್ಗದ ಕೆಲವು ಲೋಹದ ರೈಸರ್‌ಗಳಲ್ಲಿ ಅದು ಇರುವುದಿಲ್ಲ. ಅಂಥದ್ದಕ್ಕೆ ಹೆಚ್ಚು ಹಣ ಕೊಡುವುದು ವ್ಯರ್ಥ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ಒದ್ದಾಟವೇಕೆ? ಲಿಂಬ್ ಓರೆಯಿದ್ದ ಬಿಲ್ಲಿನಿಂದ ಹೋದ ಬಾಣ ಒಂದು ಪಕ್ಕಕ್ಕೆ ಎಳೆಯುತ್ತದೆ. ಕಲಿಯುವವರು ಹೆದೆ ಬಿಡುವ ರೀತಿ ಸರಿಯಿಲ್ಲದಿದ್ದರೂ ಬಾಣ ಪಕ್ಕಕ್ಕೇ ಎಳೆಯುತ್ತದೆ. ತಪ್ಪು ಬಿಲ್ಲಿನದೋ ಬೆರಳಿನದೋ ಹೊಸಬರಿಗೆ ತಿಳಿಯುವುದಿಲ್ಲ, ಮೈದಾನದಲ್ಲಿ ನಿಂತು ನೋಡುವ ಕೋಚ್‌ಗೂ ತಟ್ಟನೆ ತಿಳಿಯುವುದಿಲ್ಲ. ಇಲ್ಲದ ತಪ್ಪನ್ನು ತಿದ್ದಲು ಹೋಗಿ ಸರಿಯಿದ್ದ ಕೈಯನ್ನೂ ಕೆಡಿಸಿಕೊಂಡವರು ಬೇಕಾದಷ್ಟು ಮಂದಿ. ಮೊದಲ ಬಿಲ್ಲು ವೇಗವಾಗಿರಬೇಕಿಲ್ಲ, ಚೆಂದವಿರಬೇಕಿಲ್ಲ, ನಂಬಿಕೆಗೆ ಅರ್ಹವಾಗಿರಬೇಕು. ನಾನು ಎರಡು ಪಟ್ಟು ಹಣ ಹಾಕಿ ಎನ್ನುವುದು ಇದಕ್ಕಾಗಿ.

ಇನ್ನೊಂದು ಎಚ್ಚರಿಕೆ ಇಬ್ಬರಿಗೂ ಸೇರಿದ್ದು. ಹೆದೆ ಏರಿಸುವಾಗ ಬಿಲ್ಲನ್ನು ಕಾಲ ಸಂದಿಯಲ್ಲಿ ತೂರಿಸಿ ತೊಡೆಗೆ ಒತ್ತಿ ಬಗ್ಗಿಸಬೇಡಿ. ಲಿಂಬ್ ತಿರುಚಿಕೊಳ್ಳುವುದು ಹೆಚ್ಚಾಗಿ ಅದರಿಂದಲೇ. ಬೋ ಸ್ಟ್ರಿಂಗರ್ ಎಂಬ ಹಗ್ಗ ಸಿಗುತ್ತದೆ, ಬೆಲೆ ಕೆಲವೇ ನೂರು. ಎರಡು ತುದಿಗೆ ತೊಡಿಸಿ, ಹಗ್ಗವನ್ನು ಕಾಲಲ್ಲಿ ಮೆಟ್ಟಿ, ರೈಸರ್ ಹಿಡಿದು ಮೇಲೆತ್ತಿದರೆ ಎರಡೂ ಲಿಂಬ್ ಸಮವಾಗಿ ಬಾಗುತ್ತವೆ. ಹೆದೆಯ ದೊಡ್ಡ ಕುಣಿಕೆ ಮೇಲಿನ ಲಿಂಬಿಗೆ. ಐಎಲ್‌ಎಫ್‌ನಲ್ಲಿ ಹೆದೆ ಇಲ್ಲದಾಗ ಲಿಂಬನ್ನು ಹಿಡಿದಿಡುವುದು ಅದರ ಬುಡದಲ್ಲಿ ಟಕ್ ಎನ್ನುವ ಚಿಕ್ಕ ಸ್ಪ್ರಿಂಗ್ ಗುಂಡಿ ಮಾತ್ರ, ರೈಸರ್ ತಲೆಕೆಳಗಾದರೆ ಜಾರಿ ಬೀಳಬಹುದು. ಬರಿದಾದ ಹೆದೆಯನ್ನು ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಲಿಂಬಿಗೇ ವಾಪಸಾಗಿ ಪದರ ಬಿರಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲು ಬಿಡುವುದೂ ಅಷ್ಟೇ ಕೆಟ್ಟದ್ದು, ಲಿಂಬಿನ ಪದರಗಳನ್ನು ಹಿಡಿದಿರುವುದು ಅಂಟು.

ಎಳೆತದ ಭಾರದ, ಅಂದರೆ ಹೆದೆಯನ್ನು ಪೂರ್ತಿ ಎಳೆದಾಗ ಬೆರಳಿಗೆ ಬೀಳುವ ಭಾರದ ವಿಷಯದಲ್ಲಿ ಹೊಸಬರು ಆಸೆಬುರುಕರಾಗುತ್ತಾರೆ. ದೊಡ್ಡವರಿಗೆ 20ರಿಂದ 24 ಪೌಂಡ್ ಸಾಕು, ಹೈಸ್ಕೂಲ್ ಮಕ್ಕಳಿಗೆ ಇನ್ನೂ ಕಡಿಮೆ. ಲಿಂಬಿನ ಮೇಲೆ ಬರೆದ ಅಂಕಿ 28 ಇಂಚು ಎಳೆತಕ್ಕೆ, ಅದೂ 25 ಇಂಚಿನ ರೈಸರ್ ಮೇಲೆ. ನಿಮ್ಮ ಎಳೆತ ಒಂದು ಇಂಚು ಕಡಿಮೆಯಿದ್ದರೆ ಸುಮಾರು 2 ಪೌಂಡ್ ಇಳಿಯುತ್ತದೆ. 23 ಇಂಚಿನ ರೈಸರ್‌ಗೆ ಅದೇ ಲಿಂಬ್ ಹಾಕಿದರೆ ಸುಮಾರು 2 ಪೌಂಡ್ ಏರುತ್ತದೆ. ಒಲಿಂಪಿಕ್ ದೂರವಾದ 70 ಮೀಟರ್‌ಗೆ ಆರಾಮಾಗಿ ಬಾಣ ಮುಟ್ಟಿಸಲು 34–36 ಪೌಂಡ್ ಆಸುಪಾಸು ಬೇಕು. ಅಲ್ಲಿಗೆ ಹೋಗುವಷ್ಟರಲ್ಲಿ ಎರಡು ಮೂರು ಜೋಡಿ ಲಿಂಬ್ ಬದಲಾಗಿರುತ್ತದೆ. ಐಎಲ್‌ಎಫ್‌ನವರು ಹಳೆಯ ಲಿಂಬನ್ನು ಮೈದಾನದ ಇನ್ನೊಬ್ಬರಿಗೆ ಮಾರಿ ಹೊಸದು ತರುತ್ತಾರೆ. ಮರದ ಬಿಲ್ಲಿನವರಿಗೆ ಅದೇ ಮಾಡೆಲ್‌ನವರು ಸಿಗಬೇಕು. ಜೊತೆಗೆ ಐಎಲ್‌ಎಫ್‌ನ ಲಿಂಬ್ ಬೋಲ್ಟು (ಲಿಂಬಿನ ಬುಡವನ್ನು ಮೇಲಿಂದ ಒತ್ತಿ ಹಿಡಿಯುವ, ರೈಸರ್‌ನಲ್ಲೇ ಉಳಿಯುವ ಬೋಲ್ಟು) ತಿರುಗಿಸಿ ಒಂದೆರಡು ಪೌಂಡ್ ಏರಿಸಿ ಇಳಿಸಲು ಬರುತ್ತದೆ. ತಿರುಗಿಸುವ ಮುಂಚೆ ಅದನ್ನು ಹಿಡಿದಿಟ್ಟ ಪುಟ್ಟ ಲಾಕ್ ಸ್ಕ್ರೂ ಸಡಿಲಿಸಿ, ಇಲ್ಲದಿದ್ದರೆ ಬೋಲ್ಟಿನ ಮರೆ (ಥ್ರೆಡ್) ಹಾಳಾಗುತ್ತದೆ. ಎರಡು ಬೋಲ್ಟನ್ನೂ ಸಮನಾಗಿ ತಿರುಗಿಸಿ, ತಯಾರಕ ಹೇಳಿದ್ದಕ್ಕಿಂತ ಹೆಚ್ಚು ಹೊರಗೆ ತರಬೇಡಿ.

ಉದ್ದ: 25 ಇಂಚಿನ ರೈಸರ್‌ಗೆ ಶಾರ್ಟ್ ಲಿಂಬ್ ಹಾಕಿದರೆ 66, ಮೀಡಿಯಂ ಹಾಕಿದರೆ 68, ಲಾಂಗ್ ಹಾಕಿದರೆ 70 ಇಂಚಿನ ಬಿಲ್ಲು. ಹೆಚ್ಚಿನವರಿಗೆ 68.

ಪ್ಲಂಜರ್ ಹಾಕುವಲ್ಲಿ ಮರದ ರೈಸರ್ ಇನ್ನೊಮ್ಮೆ ಸತಾಯಿಸುತ್ತದೆ. ಬಾಣದ ಪಕ್ಕಕ್ಕೆ ಒತ್ತುಕೊಡುವ ಈ ಸ್ಪ್ರಿಂಗ್ ಗುಂಡಿಗೆ 5/16-24 ಅಳತೆಯ ಮರೆ ಬೇಕು. ಮರದಲ್ಲಿ ಅದಕ್ಕಾಗಿ ಹಿತ್ತಾಳೆಯ ಬುಷ್ (ಒಳಗೆ ಮರೆಯಿರುವ ಕೊಳವೆ) ಅಂಟಿಸಿರುತ್ತಾರೆ. ಲಾಕ್ ನಟ್ ಜೋರಾಗಿ ಬಿಗಿದರೆ ಬುಷ್ಷೇ ಮರದೊಳಗೆ ತಿರುಗಲು ಶುರುವಾಗುತ್ತದೆ. ಹಾಗಾದರೆ ಬುಷ್ ಹೊರತೆಗೆದು, ಹಳೆಯ ಅಂಟು ಕೆರೆದು, ಎಪಾಕ್ಸಿ ಹಾಕಿ ಒಂದು ರಾತ್ರಿ ಬಿಡಬೇಕು. ಎಪಾಕ್ಸಿ ಒಳಮರೆಗೆ ಇಳಿಯದಂತೆ ಎಣ್ಣೆ ಸವರಿದ ಸ್ಕ್ರೂ ಒಂದನ್ನು ಒಳಗೆ ತಿರುಗಿಸಿಡಿ. ಕೆಲವು ಅಗ್ಗದ ಮರದ ರೈಸರ್‌ಗಳಲ್ಲಿ ಬುಷ್ ಇರುವುದೇ ಇಲ್ಲ, ಬಾಣ ಕೂರಲು ಅಂಟಿಸುವ ಪ್ಲಾಸ್ಟಿಕ್ ರೆಸ್ಟ್ ಮಾತ್ರ. ಕಲಿಯಲು ಅದೂ ಸಾಲುತ್ತದೆ, ಆದರೆ ಬಾಣದ ಪಕ್ಕದ ಸ್ಥಾನವನ್ನು ಸರಿಸಲು ಬರುವುದಿಲ್ಲ.

ಜೋಡಣೆಯ ಉಳಿದ ಅಳತೆಗಳು ಎರಡಕ್ಕೂ ಒಂದೇ. 68 ಇಂಚಿನ ಬಿಲ್ಲಿಗೆ ಬ್ರೇಸ್ ಹೈಟ್, ಅಂದರೆ ಹಿಡಿಯ ಆಳದಿಂದ ಹೆದೆಗಿರುವ ದೂರ, 8.5ರಿಂದ 9 ಇಂಚು. ಕಡಿಮೆಯಾದರೆ ಹೆದೆಗೆ ಇನ್ನಷ್ಟು ಹುರಿ ಕೊಡಿ. ಹೊಸ ಡಕ್ರಾನ್ (ಪಾಲಿಯೆಸ್ಟರ್ ದಾರದ) ಹೆದೆ ಹಿಗ್ಗುತ್ತದೆ, ಆದ್ದರಿಂದ ಶುರುವಿನಲ್ಲಿ ಪ್ರತಿ ಸಲವೂ ಅಳೆಯಿರಿ. ಲಿಂಬಿನ ತುದಿ ಬಲಪಡಿಸಿದ್ದು ಎಂದು ತಯಾರಕ ಬರೆದಿಲ್ಲದಿದ್ದರೆ ಫಾಸ್ಟ್‌ಫ್ಲೈಟ್ ಹೆದೆ ಹಾಕಬೇಡಿ, ಅದು ಹಿಗ್ಗದ ದಾರ, ತುದಿಯನ್ನು ಕೊಯ್ಯುತ್ತದೆ. ಟಿಲರ್: ರೈಸರ್ ಅಂಚಿನ ಬಳಿ ಹೆದೆಯಿಂದ ಲಿಂಬಿಗಿರುವ ದೂರ ಮೇಲೆ ಕೆಳಗಿಗಿಂತ 2–3 ಮಿ.ಮೀ. ಹೆಚ್ಚಿರಲಿ. ಬಾಣದ ಮೇಲೊಂದು, ಕೆಳಗೆರಡು ಬೆರಳು ಹಿಡಿಯುವವರಿಗೆ ಈ ಲೆಕ್ಕ. ನಾಕಿಂಗ್ ಪಾಯಿಂಟ್, ಅಂದರೆ ಬಾಣದ ಹಿಂತುದಿ ಹೆದೆಗೆ ಕೂರುವ ಗುರುತು, ಪ್ಲಂಜರ್‌ನ ಮಧ್ಯದಿಂದ ಎಳೆದ ನೇರಗೆರೆಗಿಂತ 6–10 ಮಿ.ಮೀ. ಮೇಲೆ. ಬಲಗೈಯವರಿಗೆ ಹಿಂದಿನಿಂದ ನೋಡಿದಾಗ ಬಾಣದ ಮೊನೆ ಹೆದೆಗಿಂತ ಕೂದಲೆಳೆಯಷ್ಟು ಎಡಕ್ಕೆ ಕಾಣಬೇಕು.

ಬಾಣ: ಅಲ್ಯೂಮಿನಿಯಂ. 20–24 ಪೌಂಡ್‌ಗೆ 1516 ಅಥವಾ 1616. ಮೊದಲ ಎರಡು ಅಂಕಿ ದಪ್ಪ, ಇಂಚಿನ 64ನೇ ಭಾಗಗಳಲ್ಲಿ. ಕೊನೆಯೆರಡು ಕೊಳವೆಯ ಗೋಡೆ, ಇಂಚಿನ ಸಾವಿರದ ಭಾಗಗಳಲ್ಲಿ. ನಿಮ್ಮ ಎಳೆತಕ್ಕಿಂತ 2 ಇಂಚು ಉದ್ದ ಇಟ್ಟುಕೊಳ್ಳಿ. ಕಲಿಯುವಾಗ ಎಳೆತ ಬೆಳೆಯುತ್ತದೆ, ಗಿಡ್ಡ ಬಾಣ ರೆಸ್ಟಿನಿಂದ ಒಳಕ್ಕೆ ಬಿದ್ದರೆ ಕೈಗೇ ಅಪಾಯ.

ಬಿದಿರ ಬಿಲ್ಲನ್ನು ಈ ಹೋಲಿಕೆಯಿಂದ ಹೊರಗಿಟ್ಟಿದ್ದು ಅಗೌರವದಿಂದಲ್ಲ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವೇ ಇದೆ, 50 ಮತ್ತು 30 ಮೀಟರ್ ದೂರ, ಅಲ್ಲಿ ಅದೇ ಬಿಲ್ಲು. ಹಳ್ಳಿಯ ಶಾಲೆಯ ಮಕ್ಕಳಿಗೆ ಅದಕ್ಕಿಂತ ಅಗ್ಗದ, ಒಳ್ಳೆಯ ದಾರಿ ಬೇರೆಯಿಲ್ಲ. ಅಲ್ಲಿ ಸ್ಪರ್ಧಿಸುವ ಗುರಿಯಿದ್ದರೆ ಈ ಲೇಖನದ ಯಾವ ಖರ್ಚೂ ಬೇಡ.

ಮರದ ಬೋಲ್ಟಿನ ಬಿಲ್ಲು ಯಾರಿಗೆ? ಶನಿವಾರ ಭಾನುವಾರ ತೋಟದಲ್ಲಿ 15–20 ಮೀಟರ್ ದೂರಕ್ಕೆ, ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇಟ್ಟುಕೊಂಡು ಹೊಡೆಯುವವರಿಗೆ. ಹಗುರ, ಹಿಡಿ ಕೈಗೆ ಬೆಚ್ಚಗಿರುತ್ತದೆ, ಇಡೀ ಕುಟುಂಬ ಒಂದೇ ಬಿಲ್ಲಿನಲ್ಲಿ ಆಡಬಹುದು. ವಾರಕ್ಕೆ ಮೂರು ನಾಲ್ಕು ದಿನ ಮೈದಾನಕ್ಕೆ ಹೋಗುವವರಿಗೆ, ಜಿಲ್ಲಾ ಮಟ್ಟದಲ್ಲಾದರೂ ನಿಲ್ಲಬೇಕು ಎನ್ನುವವರಿಗೆ ಐಎಲ್‌ಎಫ್. ಹಣ ಸಾಲದಿದ್ದರೆ ಸ್ಟೆಬಿಲೈಸರ್ (ಬಿಲ್ಲನ್ನು ಸ್ಥಿರವಾಗಿಡುವ ಕೋಲು), ಕ್ಲಿಕ್ಕರ್ (ಪೂರ್ತಿ ಎಳೆದಾಗ ಟಿಕ್ ಎನ್ನುವ ಪಟ್ಟಿ), ಬಣ್ಣದ ಚೀಲ ಎಲ್ಲ ಬಿಡಿ. ಬೆರಳು ಕಾಯುವ ಫಿಂಗರ್ ಟ್ಯಾಬ್, ತೋಳಿನ ಗಾರ್ಡ್, ಬೋ ಸ್ಟ್ರಿಂಗರ್ ಮಾತ್ರ ಬಿಡಬೇಡಿ.

ಅದಕ್ಕೂ ಸಾಲದವರು ಬಳಸಿದ ಐಎಲ್‌ಎಫ್ ರೈಸರ್ ಹುಡುಕಿ, ಲಿಂಬ್ ಮಾತ್ರ ಹೊಸದು ತನ್ನಿ. ಲೋಹದ ರೈಸರ್ ಸುಲಭಕ್ಕೆ ಹಾಳಾಗುವುದಿಲ್ಲ. ನೋಡುವಾಗ ಲಿಂಬ್ ಬೋಲ್ಟು ಎರಡೂ ಸರಾಗ ತಿರುಗುತ್ತವೆಯೇ, ಪ್ಲಂಜರ್ ತೂತಿನ ಮರೆ ಸವೆದಿದೆಯೇ, ಲಿಂಬ್ ಕೂರುವ ಸಂದಿಯ ಮೂಲೆಗಳಲ್ಲಿ ಬಿರುಕಿನ ಗೆರೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮಾರುವವರ ಲಿಂಬನ್ನೇ ಹಾಕಿಸಿ, ಹೆದೆ ಏರಿಸಿ, ಟೇಪ್ ಅಂಟಿಸಿ ನೇರ ಪರೀಕ್ಷಿಸಿ. ಹೊಂದಾಣಿಕೆಯನ್ನು ಒಂದು ಕೊನೆಯವರೆಗೆ ತಿರುಗಿಸಿದರೂ ಹೆದೆ ಗೆರೆಗೆ ಬರದಿದ್ದರೆ, ಇನ್ನೊಂದು ಜೋಡಿ ಲಿಂಬ್ ಹಾಕಿ ನೋಡಿ. ಆಗಲೂ ಬರದಿದ್ದರೆ ರೈಸರ್ ತಿರುಚಿದೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.