80 ಡಾಲರ್‌ ಪಾಸು, 11 ಜನರ ಪ್ರವಾಸ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ ವರ್ಷವಿಡೀ ಪ್ರವೇಶ ಕೊಡುವ ‘ಅಮೆರಿಕ ದಿ ಬ್ಯೂಟಿಫುಲ್’ ಪಾಸನ್ನು ನಾವು 2025ರ ಜೂನ್ ಮೊದಲ ವಾರದಲ್ಲಿ ಝಯಾನ್ ಉದ್ಯಾನದ ಗೇಟಿನಲ್ಲಿ 80 ಡಾಲರ್ ಕೊಟ್ಟು ಕೊಂಡೆವು. ಮೂರು ಮನೆಗಳ ಆರು ಜನ, ಮೈಸೂರಿನಿಂದ ಬಂದಿದ್ದ ನನ್ನ ತಂದೆ ತಾಯಿ, ಶಿವಮೊಗ್ಗದಿಂದ ಬಂದಿದ್ದ ಗೆಳೆಯನ ತಾಯಿ, ಇಬ್ಬರು ಮಕ್ಕಳು, ಹೀಗೆ ಹನ್ನೊಂದು ಜನ ಲಾಸ್ ವೇಗಸ್‌ನಲ್ಲಿ ಒಂದು ವ್ಯಾನ್ ಬಾಡಿಗೆಗೆ ಹಿಡಿದು ಯೂಟಾ ರಾಜ್ಯದ ಐದು ಉದ್ಯಾನಗಳನ್ನು ಎಂಟು ದಿನಗಳಲ್ಲಿ ಸುತ್ತಿ ಬಂದೆವು. ಊರಿನಿಂದ ಹಿರಿಯರು ಬಂದಾಗ ಇಂಥ ಪ್ರವಾಸ ಹಾಕುವ ಕನ್ನಡದ ಕುಟುಂಬಗಳು ಇಲ್ಲಿ ಬೇಕಾದಷ್ಟಿವೆ; ಅವರಿಗೆ ನೆರವಾಗಲೆಂದು ಈ ಪಾಸು ನಮಗೆ ಏನು ಕೊಟ್ಟಿತು, ಏನು ಕೊಡಲಿಲ್ಲ ಮತ್ತು ಅದರ ಲೆಕ್ಕಕ್ಕೆ ಮರುಳಾಗಿ ನಾವು ಎಲ್ಲಿ ಎಡವಿದೆವು ಎಂಬುದನ್ನು ಬರೆಯುತ್ತಿದ್ದೇನೆ.

ಲೆಕ್ಕ ಮೇಲ್ನೋಟಕ್ಕೆ ಬಹಳ ಸರಳ. ಒಂದು ಖಾಸಗಿ ವಾಹನಕ್ಕೆ ಏಳು ದಿನಗಳ ಪ್ರವೇಶ ಶುಲ್ಕ ಝಯಾನ್ ಮತ್ತು ಬ್ರೈಸ್ ಕ್ಯಾನ್ಯನ್‌ಗಳಲ್ಲಿ ತಲಾ 35 ಡಾಲರ್, ಆರ್ಚಸ್ ಮತ್ತು ಕ್ಯಾನ್ಯನ್‌ಲ್ಯಾಂಡ್ಸ್‌ಗಳಲ್ಲಿ ತಲಾ 30 ಡಾಲರ್, ಕ್ಯಾಪಿಟಲ್ ರೀಫ್‌ನಲ್ಲಿ 20 ಡಾಲರ್ ಇತ್ತು. ಒಟ್ಟು 150 ಡಾಲರ್ ಆಗುವ ಕಡೆ 80ಕ್ಕೆ ಮುಗಿಯುತ್ತದೆ. ವಾಹನದ ಲೆಕ್ಕದಲ್ಲಿ ಶುಲ್ಕ ಪಡೆಯುವ ಉದ್ಯಾನಗಳಲ್ಲಿ, ಹದಿನೈದು ಆಸನಗಳವರೆಗಿನ ವಾಣಿಜ್ಯೇತರ ವಾಹನದಲ್ಲಿ ಕುಳಿತವರೆಲ್ಲರೂ ಒಂದೇ ಪಾಸಿನ ಮೇಲೆ ಒಳಗೆ ಹೋಗಬಹುದು. ಎರಡು ಮಿನಿವ್ಯಾನ್‌ ತೆಗೆದುಕೊಂಡರೆ ಎರಡು ಪಾಸು ಬೇಕು, 160 ಡಾಲರ್ ಆಗುತ್ತದೆ. ಹೀಗೆ ಕೂಡಿ ಕಳೆದೇ ನಾವು ಹನ್ನೆರಡು ಆಸನಗಳ ಒಂದೇ ವ್ಯಾನನ್ನು ಗೊತ್ತುಮಾಡಿದೆವು. ಆ ನಿರ್ಧಾರದ ಫಲವನ್ನು ಮುಂದೆ ಹೇಳುತ್ತೇನೆ.

ಪಾಸಿನ ಹಿಂಬದಿಯಲ್ಲಿ ಇಬ್ಬರ ಸಹಿಗೆ ಜಾಗವಿತ್ತು. ಸಹಿ ಮಾಡಿದವರಲ್ಲಿ ಒಬ್ಬರು ವಾಹನದಲ್ಲಿ ಇರಲೇಬೇಕು ಮತ್ತು ಗೇಟಿನಲ್ಲಿ ತಮ್ಮ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕು. ನಮ್ಮಲ್ಲಿ ನನ್ನ ಹೆಂಡತಿಯೊಬ್ಬಳೇ ಸಹಿ ಹಾಕಿದ್ದಳು. ಬ್ರೈಸ್ ಗೇಟಿನಲ್ಲಿ ಆಕೆ ಕೊನೆಯ ಸಾಲಿನಲ್ಲಿ ಗಾಢ ನಿದ್ರೆಯಲ್ಲಿದ್ದಳು. ಅವಳನ್ನು ಎಬ್ಬಿಸಿ, ಕೈಚೀಲ ಹುಡುಕಿ, ಚೀಟಿ ಕೈಯಿಂದ ಕೈಗೆ ದಾಟಿ ಮುಂದಿನ ಕಿಟಕಿಗೆ ಬರುವಷ್ಟರಲ್ಲಿ ನಮ್ಮ ಹಿಂದೆ ಸಣ್ಣ ಜಾತ್ರೆಯೇ ನೆರೆದಿತ್ತು. ಹೆಚ್ಚು ಹೊತ್ತು ವಾಹನ ಓಡಿಸುವವರ ಸಹಿ ಅದರ ಮೇಲಿರಲಿ. ಕಾರ್ಡು ಕಳೆದುಹೋದರೆ ಬದಲಿ ಕೊಡುವುದಿಲ್ಲ, ಹೊಸದನ್ನೇ ಕೊಳ್ಳಬೇಕು.

ಗೆಳೆಯನ ಮಗಳು ಆಗಷ್ಟೇ ನಾಲ್ಕನೆಯ ತರಗತಿ ಮುಗಿಸಿದ್ದಳು. ಅಮೆರಿಕದ ನಾಲ್ಕನೆಯ ತರಗತಿಯ ಮಕ್ಕಳಿಗೆ ‘ಎವ್ರಿ ಕಿಡ್ ಔಟ್‌ಡೋರ್ಸ್’ ಎಂಬ ಯೋಜನೆಯಡಿ ಉಚಿತ ಪಾಸು ಸಿಗುತ್ತದೆ, ಅದು ಆಗಸ್ಟ್ 31ರವರೆಗೆ ನಡೆಯುತ್ತದೆ ಮತ್ತು ವಾಹನದ ಲೆಕ್ಕದಲ್ಲಿ ಶುಲ್ಕ ಪಡೆಯುವ ಕಡೆ ಮಗುವಿನ ಜೊತೆ ಅದೇ ವಾಹನದಲ್ಲಿರುವವರನ್ನೂ ಒಳಗೆ ಬಿಡುತ್ತಾರೆ ಎಂಬ ಸಂಗತಿ ನಮಗೆ ತಿಳಿದದ್ದು ಮೂರನೆಯ ದಿನ, ಊಟದ ಬೆಂಚಿನಲ್ಲಿ ಪಕ್ಕದ ಕುಟುಂಬದವರ ಜೊತೆ ಮಾತನಾಡುವಾಗ. 2025ರಲ್ಲಿ ಆ ಪಾಸನ್ನು ಮನೆಯಲ್ಲೇ ಕಾಗದದ ಮೇಲೆ ಮುದ್ರಿಸಿ ತರಬೇಕಿತ್ತು. ಮೊಬೈಲ್ ಪರದೆಯಲ್ಲಿ ತೋರಿಸಿದರೆ ನಡೆಯುತ್ತಿರಲಿಲ್ಲ. ಆ ಒಂದು ಹಾಳೆ ಕೈಯಲ್ಲಿದ್ದಿದ್ದರೆ ನಾವು ಎರಡು ಮಿನಿವ್ಯಾನ್‌ಗಳಲ್ಲಿ ಹೋಗಿ, ಒಂದಕ್ಕೆ ಮಗುವಿನ ಹಾಳೆ ಇನ್ನೊಂದಕ್ಕೆ ವಾರ್ಷಿಕ ಪಾಸು ತೋರಿಸಿ, ಎಲ್ಲವನ್ನೂ ಅದೇ 80 ಡಾಲರಿಗೆ ಮುಗಿಸಬಹುದಿತ್ತು. ಇದಕ್ಕೆ ವಿರುದ್ಧವಾಗಿ, 62 ದಾಟಿದವರಿಗೆ ಇರುವ ಹಿರಿಯರ ಪಾಸನ್ನು ನೆಚ್ಚಿಕೊಂಡು ಹೊರಡಬಾರದು. ಅದು ಅಮೆರಿಕದ ನಾಗರಿಕರಿಗೆ ಮತ್ತು ಖಾಯಂ ನಿವಾಸಿಗಳಿಗೆ ಮಾತ್ರ ಮೀಸಲು. ಪ್ರವಾಸಿ ವೀಸಾದ ಮೇಲೆ ಬಂದ ಅಪ್ಪ ಅಮ್ಮಂದಿರಿಗೆ ಸಿಗುವುದಿಲ್ಲ.

ಈ ಪಾಸು ಗೇಟಿನ ಶುಲ್ಕವನ್ನು ತೀರಿಸುತ್ತದೆ, ಅಷ್ಟೇ. ಗೇಟಿನಾಚೆಯ ವ್ಯವಸ್ಥೆ ಪ್ರತಿಯೊಂದು ಉದ್ಯಾನದಲ್ಲೂ ಬೇರೆ ಬೇರೆ. ಝಯಾನ್‌ನಲ್ಲಿ ಉಚಿತ ಬಸ್ಸುಗಳು ಓಡುವ ಕಾಲದಲ್ಲಿ ಕಣಿವೆಯೊಳಗಿನ ಮುಖ್ಯ ರಸ್ತೆಗೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ, ಬೇಸಿಗೆ ಪೂರ್ತಿ ಅದೇ ನಿಯಮ. ನಾವು ಒಂಬತ್ತು ಗಂಟೆಗೆ ತಲುಪಿದಾಗ ಪಾರ್ಕಿಂಗ್ ಭರ್ತಿಯಾಗಿತ್ತು, ಆದ್ದರಿಂದ ವ್ಯಾನನ್ನು ಸ್ಪ್ರಿಂಗ್‌ಡೇಲ್ ಊರಿನಲ್ಲಿ ಹಣ ಕೊಟ್ಟು ನಿಲ್ಲಿಸಿ ಅಲ್ಲಿಂದ ಬಸ್ಸು ಹತ್ತಬೇಕಾಯಿತು. ಲಾಸ್ ವೇಗಸ್‌ಗಿಂತ ಯೂಟಾದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನು ಮರೆತು ಹೊರಟದ್ದೂ ಈ ತಡಕ್ಕೆ ಕಾರಣ. ಆರ್ಚಸ್‌ನಲ್ಲಿ ಆ ವರ್ಷ ಏಪ್ರಿಲ್ 1ರಿಂದ ಜುಲೈ 6ರವರೆಗೆ ಬೆಳಿಗ್ಗೆ 7ರಿಂದ ಸಂಜೆ 4ರ ನಡುವೆ ಒಳಹೋಗಲು ಮುಂಗಡವಾಗಿ ಸಮಯ ಕಾದಿರಿಸಿದ ಚೀಟಿ ಬೇಕಿತ್ತು. ಪಾಸು ಇದ್ದವರೂ ಅದಕ್ಕೆ 2 ಡಾಲರ್ ಕೊಡಬೇಕಿತ್ತು. ನಮಗೆ ಚೀಟಿ ಸಿಗಲಿಲ್ಲ, ಹಾಗಾಗಿ ನಾಲ್ಕು ಗಂಟೆಯ ನಂತರ ಒಳಗೆ ಹೋದೆವು. ಅದೇ ಒಳ್ಳೆಯದಾಯಿತು. ಜೂನ್‌ನಲ್ಲಿ ಅಲ್ಲಿ ಎಂಟೂವರೆಯ ತನಕ ಬೆಳಕಿರುತ್ತದೆ, ಬಿಸಿಲು ಇಳಿದಿರುತ್ತದೆ, ವಿಂಡೋಸ್ ಎಂಬ ಭಾಗದ ಕಲ್ಲಿನ ಕಮಾನುಗಳ ಕೆಂಪು ಆಗ ಮತ್ತಷ್ಟು ಗಾಢವಾಗುತ್ತದೆ. ಹಿರಿಯರಿರುವ ಗುಂಪಿಗೆ ನಾನು ಬೆಳಗಿಗಿಂತ ಸಂಜೆಯನ್ನೇ ಸೂಚಿಸುತ್ತೇನೆ. ಮೋಆಬ್ ಊರಿನ ಹತ್ತಿರದ ಡೆಡ್ ಹಾರ್ಸ್ ಪಾಯಿಂಟ್ ಯೂಟಾ ರಾಜ್ಯಕ್ಕೆ ಸೇರಿದ ಉದ್ಯಾನ, ಮಾನ್ಯುಮೆಂಟ್ ವ್ಯಾಲಿ ನವಾಹೊ ಎಂಬ ಮೂಲನಿವಾಸಿ ಜನಾಂಗದ ಆಡಳಿತದಲ್ಲಿರುವ ನೆಲ. ಈ ಎರಡು ಕಡೆಯೂ ಪಾಸು ನಡೆಯುವುದಿಲ್ಲ.

ಇನ್ನು ವ್ಯಾನಿನ ವಿಷಯ. ಬಾಡಿಗೆಗೆ ಕೊಟ್ಟ ಸಂಸ್ಥೆಯ ಹೆಸರು ಇಲ್ಲಿ ಬೇಡ. ಹನ್ನೆರಡು ಆಸನಗಳ ವಾಹನದಲ್ಲಿ ಹನ್ನೆರಡು ಜನರ ಸಾಮಾನಿಗೂ ಜಾಗವಿರುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು. ನೋಡಿದರೆ ಕೊನೆಯ ಸಾಲಿನ ಹಿಂದೆ ಮೊಳದಗಲ ಜಾಗವೂ ಇರಲಿಲ್ಲ. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಪೆಟ್ಟಿಗೆಗಳನ್ನು ಹೊರಳಿಸಿ, ಎರಡು ಪೆಟ್ಟಿಗೆಗಳನ್ನು ಹೋಟೆಲಿನಲ್ಲೇ ಬಿಟ್ಟು, ಅಕ್ಕಿ, ಕುಕ್ಕರು, ಹುರಿದ ರವೆ, ಪುಳಿಯೋಗರೆ ಗೊಜ್ಜು ತುಂಬಿದ ಡಬ್ಬವನ್ನು ಹನ್ನೆರಡನೆಯ ಆಸನದಲ್ಲಿ ಬೆಲ್ಟು ಕಟ್ಟಿ ಕೂರಿಸಿದೆವು. ಹಿಂದಿನ ಎರಡು ಸಾಲುಗಳಿಗೆ ಎಸಿಯ ಗಾಳಿ ಹೆಸರಿಗಷ್ಟೇ ಬರುತ್ತಿತ್ತು. ಎಂಟು ವರ್ಷದೊಳಗಿನ ಮಕ್ಕಳಿಗೆ ಯೂಟಾ ಕಾನೂನಿನ ಪ್ರಕಾರ ಬೂಸ್ಟರ್ ಅಥವಾ ಮಕ್ಕಳ ಆಸನ ಬೇಕು, ಅದನ್ನು ಮನೆಯಿಂದಲೇ ಒಯ್ದದ್ದು ನಾವು ಮಾಡಿದ ಕೆಲವೇ ಜಾಣತನಗಳಲ್ಲಿ ಒಂದು.

ಅಗಲದ ಪ್ರಶ್ನೆ ಇದಕ್ಕಿಂತ ದೊಡ್ಡದಾಗಿ ಬಂತು. ಝಯಾನ್‌ನಿಂದ ಬ್ರೈಸ್ ಕಡೆಗೆ ಹೋಗುವ ಹತ್ತಿರದ ದಾರಿಯಲ್ಲಿ 1930ರಲ್ಲಿ ತೆರೆದ, 1.1 ಮೈಲಿ ಉದ್ದದ ಸುರಂಗವಿದೆ. ಆಗಿನ ಕಾರುಗಳಿಗೆಂದು ಕೊರೆದ ಸುರಂಗವಾದ್ದರಿಂದ, 7 ಅಡಿ 10 ಅಂಗುಲ ಅಗಲ ಅಥವಾ 11 ಅಡಿ 4 ಅಂಗುಲ ಎತ್ತರ ಮುಟ್ಟುವ ವಾಹನಗಳಿಗೆ ಎದುರಿನ ಸಂಚಾರವನ್ನು ನಿಲ್ಲಿಸಿ ದಾರಿ ಬಿಡಬೇಕಾಗುತ್ತಿತ್ತು ಮತ್ತು ಅದಕ್ಕೆ 15 ಡಾಲರ್ ಪ್ರತ್ಯೇಕ ಶುಲ್ಕವಿತ್ತು. ಅಗಲವೆಂದರೆ ಪಕ್ಕದ ಕನ್ನಡಿಗಳನ್ನೂ ಸೇರಿಸಿ. ನಮ್ಮ ಬಾಡಿಗೆ ಕಾಗದಗಳಲ್ಲಿ ವ್ಯಾನಿನ ಅಗಲ ಎಲ್ಲೂ ಬರೆದಿರಲಿಲ್ಲ, ಕೇಳಿದರೆ ಸಂಸ್ಥೆಯವರಿಗೂ ತಿಳಿದಿರಲಿಲ್ಲ. ಹದಿನೈದು ಡಾಲರ್ ದೊಡ್ಡ ಮೊತ್ತವಲ್ಲ. ಆದರೆ ಒಂದೇ ವಾಹನ ಹಿಡಿದು ಉಳಿಸಿದೆವೆಂದು ಬೀಗಿದ ಎಂಬತ್ತು ಡಾಲರ್ ಹೀಗೆ ಹತ್ತು ಹದಿನೈದರಂತೆ ಸೋರುತ್ತಾ ಹೋದಾಗ, ಮೊದಲ ಲೆಕ್ಕವೇ ತಪ್ಪಾಗಿತ್ತೆಂದು ಅರ್ಥವಾಯಿತು.

ಹಣಕ್ಕಿಂತ ಹೆಚ್ಚಾಗಿ ಕಾಡಿದ್ದು ಮನುಷ್ಯರ ಲೆಕ್ಕ. ಗೆಳೆಯನ ತಾಯಿಗೆ ಮಂಡಿನೋವು, ಮಕ್ಕಳಿಗೆ ನಡೆದಷ್ಟೂ ಹುರುಪು. ಒಂದೇ ವಾಹನವಿದ್ದಾಗ ಯಾರಿಗೆ ಸುಸ್ತಾದರೂ ಹನ್ನೊಂದು ಜನ ಹಿಂದಿರುಗಬೇಕು, ಇಲ್ಲವೇ ಸುಸ್ತಾದವರು ಮರದ ನೆರಳಿನಲ್ಲಿ ಕಾಯಬೇಕು. ಆರ್ಚಸ್‌ನ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿಗೆ ಹೋಗಿಬರಲು ಮೂರು ಮೈಲಿ. ಬರಿ ಬಂಡೆಯ ಏರು, ನೆರಳೆಂಬುದೇ ಇಲ್ಲ. ಹೋಗಬೇಕೆಂದವರು ನಾಲ್ವರು, ಬೇಡವೆಂದವರು ಏಳು ಮಂದಿ; ಕೊನೆಗೆ ಯಾರೂ ಹೋಗಲಿಲ್ಲ.

ಹಾಗೆಂದು ಹಿರಿಯರಿಗೆ ಈ ಪ್ರವಾಸ ಹಿಡಿಸಲಿಲ್ಲವೆಂದಲ್ಲ. ಝಯಾನ್‌ನಲ್ಲಿ ವರ್ಜಿನ್ ನದಿಯ ಪಕ್ಕದಲ್ಲೇ ಸಾಗುವ ರಿವರ್‌ಸೈಡ್ ವಾಕ್, ಬ್ರೈಸ್‌ನಲ್ಲಿ ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ವರೆಗಿನ ಅರ್ಧ ಮೈಲಿ, ಎರಡೂ ಹದವಾದ ಹಾದಿಗಳು. ಅಮ್ಮ ಚಪ್ಪಲಿಯಲ್ಲೇ ನಡೆದರು. ಬ್ರೈಸ್ ಎಂಟರಿಂದ ಒಂಬತ್ತು ಸಾವಿರ ಅಡಿ ಎತ್ತರದಲ್ಲಿದೆ. ಹಿಂದಿನ ದಿನ ಝಯಾನ್‌ನಲ್ಲಿ ಬೆಂದವರು ಅಲ್ಲಿ ಬೆಳಗಿನ ಜಾವ ಸ್ವೆಟರು ಹುಡುಕಿದರು. ಅಲ್ಲಿಂದ ಕ್ಯಾಪಿಟಲ್ ರೀಫ್ ಕಡೆಗೆ ಹೋಗುವ 12ನೇ ಸಂಖ್ಯೆಯ ರಸ್ತೆ ಎಸ್ಕಲಾಂಟೆ ಊರು ದಾಟಿದ ಮೇಲೆ ಒಂದು ಕಿರಿದಾದ ಬೆಟ್ಟದ ಏಣಿನ ಮೇಲೆ ಸಾಗುತ್ತದೆ, ಎರಡೂ ಬದಿಗೆ ಪ್ರಪಾತ. ಆಗುಂಬೆಯ ತಿರುವುಗಳನ್ನು ಮೂವತ್ತು ವರ್ಷ ಬಸ್ಸಿನಲ್ಲಿ ಹತ್ತಿಳಿದ ಗೆಳೆಯನ ತಾಯಿಯವರು ಅಲ್ಲಿ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕುಳಿತಿದ್ದರು. ಕ್ಯಾಪಿಟಲ್ ರೀಫ್‌ನ ಫ್ರೂಟಾದಲ್ಲಿ ಮಾರ್ಮನ್ ಪಂಥದ ವಲಸಿಗರು ನೆಟ್ಟು ಬೆಳೆಸಿದ ಹಣ್ಣಿನ ತೋಟಗಳನ್ನು ಉದ್ಯಾನದವರೇ ಉಳಿಸಿಕೊಂಡು ಬಂದಿದ್ದಾರೆ. ಹಣ್ಣು ಬಿಟ್ಟ ಕಾಲದಲ್ಲಿ ತೋಟದೊಳಗೆ ಕಿತ್ತು ತಿಂದರೆ ಹಣವಿಲ್ಲ, ಮನೆಗೆ ಒಯ್ದರೆ ತೂಗಿ ನಾವೇ ಹಣ ಹಾಕಬೇಕು. ಕಾವಲಿಲ್ಲದ ಆ ತಕ್ಕಡಿಯ ಮುಂದೆ ಅಪ್ಪ ನಿಂತಷ್ಟು ಹೊತ್ತು ಯಾವ ಕಮಾನಿನ ಮುಂದೆಯೂ ನಿಲ್ಲಲಿಲ್ಲ.

2026ರ ಜನವರಿ 1ರಿಂದ ನಿಯಮಗಳು ಬದಲಾಗಿವೆ. ವಾರ್ಷಿಕ ಪಾಸು ಅಮೆರಿಕದ ನಿವಾಸಿಗಳಿಗೆ 80 ಡಾಲರಿಗೇ ಉಳಿದಿದೆ, ಅನಿವಾಸಿಗಳಿಗೆ 250 ಡಾಲರ್ ಆಗಿದೆ. ವಾರ್ಷಿಕ ಪಾಸು ಇಲ್ಲದ ಅನಿವಾಸಿಗಳು ಹನ್ನೊಂದು ಜನಪ್ರಿಯ ಉದ್ಯಾನಗಳಲ್ಲಿ ಮಾಮೂಲು ಶುಲ್ಕದ ಮೇಲೆ ಒಬ್ಬೊಬ್ಬರೂ 100 ಡಾಲರ್ ಕೊಡಬೇಕು. ಝಯಾನ್ ಮತ್ತು ಬ್ರೈಸ್ ಆ ಪಟ್ಟಿಯಲ್ಲಿವೆ, ಯೂಟಾದ ಉಳಿದ ಮೂರು ಉದ್ಯಾನಗಳಿಲ್ಲ. ಊರಿನಿಂದ ಬಂದ ಹಿರಿಯರು ಜೊತೆಗಿದ್ದರೆ ಯಾರ ಹೆಸರಿನ ಪಾಸು, ಯಾವ ವಾಹನದಲ್ಲಿ ಯಾರು ಎಂಬುದನ್ನು ಅಧಿಕೃತ ಜಾಲತಾಣ ನೋಡಿ ಮೊದಲೇ ತೀರ್ಮಾನಿಸಿಕೊಂಡು, ಆಮೇಲೆ ವಾಹನ ಗೊತ್ತುಮಾಡುವುದು ಕ್ಷೇಮ. ನಾನಂತೂ ಇನ್ನೊಮ್ಮೆ ಹೋದರೆ ಎರಡು ಪಾಸು ಕೊಂಡು ಎರಡು ಮಿನಿವ್ಯಾನ್‌ಗಳಲ್ಲೇ ಹೋಗುತ್ತೇನೆ.

ಪಾಸಿನ ಅವಧಿ ಮುಗಿಯುವುದು ಮರುವರ್ಷ, ಕೊಂಡ ತಿಂಗಳ ಕೊನೆಯ ದಿನ. ಜೂನ್ ಮೊದಲ ವಾರದಲ್ಲಿ ಕೊಂಡ ನಮ್ಮದು 2026ರ ಜೂನ್ 30ರವರೆಗೆ ನಡೆಯುತ್ತದೆ, ಅಂದರೆ ಒಂದೇ ಕಾರ್ಡಿನಲ್ಲಿ ಎರಡನೆಯ ಬೇಸಿಗೆಯ ಆರಂಭವೂ ದಕ್ಕುತ್ತದೆ. ಡೆಲಿಕೇಟ್ ಆರ್ಚ್ ನೋಡದೆ ಬಂದ ನಾಲ್ವರು ಆಗಲೇ ದಿನ ಗೊತ್ತುಮಾಡಿದ್ದಾರೆ, ಕಾರ್ಡಿನ ಎರಡನೆಯ ಗೆರೆಯಲ್ಲಿ ಈಗ ನನ್ನ ಸಹಿಯೂ ಇದೆ.